ಒಂದು ದೋಣಿ, ಎರಡು ಬ್ಯಾಟರಿ

ನಾರಾಯಣಪುರದ ಬಸವಸಾಗರ ಜಲಾಶಯದಿಂದ ಕೃಷ್ಣೆಗೆ ಹೆಚ್ಚು ನೀರು ಬಿಟ್ಟಾಗ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗುತ್ತದೆ, ನಡುಗಡ್ಡೆಗಳ ಸಂಪರ್ಕ ಕಡಿಯುತ್ತದೆ. ಅಂಥ ಹೊತ್ತಿನಲ್ಲಿ ಹೊಳೆಗಿಳಿಯುವ ದೋಣಿಯ ಎಂಜಿನ್ ನಡುನೀರಿನಲ್ಲಿ ನಿಂತು ಮತ್ತೆ ಚಾಲೂ ಆಗದಿದ್ದರೆ ಸೆಳವು ಅದನ್ನು ಎತ್ತ ಒಯ್ಯುತ್ತದೋ ಹೇಳಲಾಗದು. ಹಗ್ಗ ಎಳೆದು ಚಾಲೂ ಮಾಡುವ ಚಿಕ್ಕ ಎಂಜಿನ್‌ಗೆ ಬ್ಯಾಟರಿಯ ಹಂಗಿಲ್ಲ. ಸೆಲ್ಫ್ ಸ್ಟಾರ್ಟ್ ಇರುವುದಕ್ಕೆ ಬ್ಯಾಟರಿಯೇ ಆಧಾರ. ಅಂಥ ದೋಣಿಗೆ ಎರಡನೇ ಬ್ಯಾಟರಿ ಇರಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದರ ಉದ್ದೇಶ ಒಂದೇ: ಎಂಜಿನ್ ಎಬ್ಬಿಸುವ ಬ್ಯಾಟರಿಯನ್ನು ಬೇರೆ ಯಾವ ಕೆಲಸಕ್ಕೂ ಮುಟ್ಟದಂತೆ ಕಾಯ್ದಿಡುವುದು. ಎಷ್ಟೇ ಕಷ್ಟ ಬಂದರೂ ಬಿತ್ತನೆಯ ಜೋಳಕ್ಕೆ ಕೈಹಾಕದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಲೆಕ್ಕ ನೋಡಿ. 60 ವ್ಯಾಟ್‌ನ ಸರ್ಚ್‌ಲೈಟ್ 12 ವೋಲ್ಟ್‌ನಲ್ಲಿ 5 ಆಂಪಿಯರ್ ಎಳೆಯುತ್ತದೆ. ದೋಣಿಯ ತಳಕ್ಕೆ ಸೇರಿದ ನೀರನ್ನು ಹೊರಹಾಕುವ ಪಂಪ್‌ಗೆ 3 ಆಂಪಿಯರ್ ಎಂದಿಟ್ಟುಕೊಳ್ಳಿ. ಎಂಜಿನ್ ನಿಲ್ಲಿಸಿ ನಾಲ್ಕು ಗಂಟೆ ಇವೆರಡನ್ನೂ ನಡೆಸಿದರೆ 32 ಆಂಪಿಯರ್-ಗಂಟೆ ಖರ್ಚಾಗಿ, 60ರ ಬ್ಯಾಟರಿ ಅರ್ಧಕ್ಕಿಂತ ಕೆಳಗಿಳಿದಿರುತ್ತದೆ. ಸೆಲ್ಫ್ ಮೋಟಾರಾದರೋ ಕೆಲವೇ ಸೆಕೆಂಡು ತಿರುಗಿದರೂ ನೂರು ಆಂಪಿಯರ್‌ಗೂ ಹೆಚ್ಚು ಕೇಳಬಹುದು. ಈ ಎರಡು ಬಗೆಯ ಕೆಲಸಕ್ಕೆ ಬ್ಯಾಟರಿಯ ಒಳರಚನೆಯೂ ಬೇರೆ. ಸ್ಟಾರ್ಟಿಂಗ್ ಬ್ಯಾಟರಿಯ ಸೀಸದ ಫಲಕಗಳು ತೆಳು, ಸಂಖ್ಯೆಯಲ್ಲಿ ಹೆಚ್ಚು; ಒಮ್ಮೆಲೇ ಭಾರಿ ಕರೆಂಟು ಕೊಡುತ್ತವೆ, ಆದರೆ ಪದೇ ಪದೇ ಬರಿದು ಮಾಡಿದರೆ ಬೇಗ ಸಾಯುತ್ತವೆ. ದಪ್ಪ ಫಲಕಗಳ ಬ್ಯಾಟರಿ ನಿಧಾನವಾಗಿ ಬಸಿದರೂ ತಾಳುತ್ತದೆ. ದೀಪ, ಪಂಪ್‌ಗಳಿಗೆ ಅದೇ ಸರಿ.

ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ನೇರವಾಗಿ ಸೇರಿಸಿಬಿಟ್ಟರೆ ಎರಡೂ ಒಟ್ಟಿಗೇ ಬರಿದಾಗುತ್ತವೆ. ಒಂದರ ಕೋಶ ಕೆಟ್ಟರೆ ಅದು ಇನ್ನೊಂದರ ಶಕ್ತಿಯನ್ನೂ ನುಂಗುತ್ತದೆ. ಆದ್ದರಿಂದ ಮೈನಸ್‌ಗಳು ಸೇರಿರಲಿ, ಪ್ಲಸ್‌ಗಳ ನಡುವೆ ವೋಲ್ಟೇಜು ನೋಡಿ ಕೆಲಸ ಮಾಡುವ ರಿಲೇ, ಅಂದರೆ ತಾನಾಗಿಯೇ ಕೂಡಿಸಿ ಬಿಡಿಸುವ ಸ್ವಿಚ್ಚು, ಇರಲಿ. ತುಂಬಿದ ಸೀಸ-ಆಮ್ಲದ ಬ್ಯಾಟರಿ ಸುಮ್ಮನಿದ್ದಾಗ ಸುಮಾರು 12.7 ವೋಲ್ಟ್ ತೋರುತ್ತದೆ. ಎಂಜಿನ್ ಓಡಿ ಚಾರ್ಜ್ ಆಗುವಾಗ ಅದು 14ರ ಆಸುಪಾಸಿಗೆ ಏರುತ್ತದೆ. ಎಂಜಿನ್ ಓಡುತ್ತಿದೆಯೇ ಇಲ್ಲವೇ ಎಂಬುದು ಹೀಗೆ ಬ್ಯಾಟರಿಯ ತುದಿಯಲ್ಲೇ ತಿಳಿಯುತ್ತದೆ! ಇಂಥ ರಿಲೇ ಸಾಮಾನ್ಯವಾಗಿ 13.3ರ ಹೊತ್ತಿಗೆ ಎರಡನ್ನೂ ಕೂಡಿಸುತ್ತದೆ, 12.8ಕ್ಕೆ ಇಳಿದಾಗ ಬಿಡಿಸುತ್ತದೆ. ನಡುವಿನ ಈ ಅಂತರವೂ ಬೇಕೇ ಬೇಕು. ಅದಿಲ್ಲದಿದ್ದರೆ ಸೊರಗಿದ ಬ್ಯಾಟರಿ ಸೇರಿದೊಡನೆ ವೋಲ್ಟೇಜು ಕುಸಿದು, ರಿಲೇ ಬಿಟ್ಟು, ಮತ್ತೆ ಹಿಡಿದು, ಟಕಟಕ ಬಡಿದುಕೊಳ್ಳುತ್ತಲೇ ಇರುತ್ತದೆ. ಕೈಯಿಂದ ತಿರುಗಿಸುವ ಸ್ವಿಚ್ಚೂ ನಡೆಯುತ್ತದೆ, ಆದರೆ ಪ್ರವಾಹದ ಗಡಿಬಿಡಿಯಲ್ಲಿ ಮನುಷ್ಯನ ನೆನಪನ್ನು ನೆಚ್ಚುವುದು ನನಗೆ ಒಪ್ಪಿಗೆಯಿಲ್ಲ.

ಜನ ಹಣ ಉಳಿಸಲು ಹೋಗುವುದು ಕೇಬಲ್‌ನಲ್ಲಿ. ಬ್ಯಾಟರಿ ಎಂಜಿನ್‌ನಿಂದ 3 ಮೀಟರ್ ದೂರವಿದ್ದರೆ ಕರೆಂಟು ಹೋಗಿ ಬರುವ ದಾರಿ 6 ಮೀಟರ್. 10 ಚದರ ಮಿಲಿಮೀಟರ್ ತಾಮ್ರದಲ್ಲಿ 100 ಆಂಪಿಯರ್ ಹರಿದರೆ ದಾರಿಯಲ್ಲೇ 1 ವೋಲ್ಟ್ ಕಳೆದುಹೋಗುತ್ತದೆ. 35ರ ಕೇಬಲ್‌ನಲ್ಲಿ ನಷ್ಟ 0.3 ವೋಲ್ಟ್ ಮಾತ್ರ. ರಿಲೇಯ ಮೂಲಕ ಹಾಯುವ ಕೇಬಲ್‌ಗೆ ಎರಡೂ ತುದಿಯಲ್ಲಿ, ಬ್ಯಾಟರಿಗೆ ಅಂಟಿದಂತೆ ಫ್ಯೂಸ್ ಹಾಕಬೇಕು. ಅಲ್ಲಿ ಎರಡೂ ತುದಿಗಳು ವಿದ್ಯುತ್ತಿನ ಮೂಲಗಳೇ. ಒಂದೇ ಫ್ಯೂಸ್ ಹಾಕಿದರೆ, ಕೇಬಲ್ ಎಲ್ಲಾದರೂ ಉಜ್ಜಿ ಶಾರ್ಟ್ ಆದಾಗ ಇನ್ನೊಂದು ಬದಿಯಿಂದ ಬೆಂಕಿ ಹೊತ್ತುತ್ತದೆ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರಬಹುದು, ಗಾಳಿಯಲ್ಲಿ ಅದು ಶೇ 4ರಷ್ಟು ಸೇರಿದರೂ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಗಾಳಿಯಾಡುವ ಕಡೆ, ಪೆಟ್ರೋಲ್ ಟ್ಯಾಂಕಿನಿಂದ ದೂರ ಇಡಿ.

ಇಷ್ಟೆಲ್ಲ ಮಾಡಿದ ದೋಣಿಯನ್ನೂ ಕೊಲ್ಲುವುದು ನಮ್ಮ ಬೇಸಿಗೆ. 40 ಡಿಗ್ರಿ ದಾಟುವ ರಾಯಚೂರಿನ ಬಿಸಿಲಿನಲ್ಲಿ ಸುಮ್ಮನೆ ನಿಂತ ಬ್ಯಾಟರಿ ತಾನಾಗಿಯೇ ಬೇಗ ಇಳಿಯುತ್ತದೆ. ಇಳಿದ ಸ್ಥಿತಿಯಲ್ಲೇ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಚಾರ್ಜ್ ಹಿಡಿಯುವುದಿಲ್ಲ. ಶೆಡ್ಡಿನಲ್ಲಿರುವ ದೋಣಿಯ ಎರಡೂ ಬ್ಯಾಟರಿಗಳನ್ನು ಮಾರ್ಚ್‌ನಿಂದ ಮುಂಗಾರಿನವರೆಗೆ ತಿಂಗಳಿಗೊಮ್ಮೆಯಾದರೂ ಮೀಟರ್ ಹಿಡಿದು ಅಳೆಯಿರಿ. 12.4ಕ್ಕಿಂತ ಕಡಿಮೆ ತೋರಿದರೆ ಅಂದೇ ಚಾರ್ಜ್‌ಗೆ ಹಾಕಿ.