ಕ್ರಿಯಾನ್ ಮೊದಲು ಎಲ್ಲಿಗೆ ಹೋದ? ‘ಅಂತಿಗೊನೆ’ ಓದುವವರಿಗೊಂದು ಟಿಪ್ಪಣಿ

‘ಕ್ರಿಯಾನ್‌ನ ದುಡುಕು ದುರಂತಕ್ಕೆ ಹೇಗೆ ಕಾರಣ?’ ಎಂಬ ಪ್ರಶ್ನೆಗೆ ಉತ್ತರ ಬರೆಯುವವರಿಗೆ ಇದು. ನಾಟಕ ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನದು, ಕ್ರಿ.ಪೂ. 441ರ ಸುಮಾರಿನದು. ಲಂಕೇಶರು ಕನ್ನಡಕ್ಕೆ ತಂದಿದ್ದಾರೆ. ಕಥೆ ಬೇಗ ಮುಗಿಸುತ್ತೇನೆ. ಥೀಬ್ಸ್‌ನ ಪಟ್ಟಕ್ಕಾಗಿ ಎಟಿಯೋಕ್ಲಿಸ್, ಪಾಲಿನೈಸಿಸ್ ಎಂಬ ಅಣ್ಣತಮ್ಮ ಹೊಡೆದಾಡಿ ಇಬ್ಬರೂ ಸತ್ತರು. ಸೋದರಮಾವ ಕ್ರಿಯಾನ್ ರಾಜನಾದ. ಎಟಿಯೋಕ್ಲಿಸ್‌ಗೆ ಮರ್ಯಾದೆಯ ಸಂಸ್ಕಾರ. ಊರಿನ ಮೇಲೆ ದಂಡೆತ್ತಿ ಬಂದ ಪಾಲಿನೈಸಿಸ್‌ನ ಹೆಣ ನಾಯಿ ಹದ್ದುಗಳ ಪಾಲಿಗೆ. ಸೋದರಿ ಅಂತಿಗೊನೆ ಹೆಣಕ್ಕೆ ಮಣ್ಣು ಹಾಕಿ ಸಿಕ್ಕಿಬಿದ್ದಳು. ಅವಳ ಮದುವೆ ಗೊತ್ತಾಗಿದ್ದದ್ದು ಕ್ರಿಯಾನ್‌ನ ಮಗ ಹೀಮಾನ್ ಜೊತೆ. ಸೋದರಮಾವನ ಮಗ ಎಂದರೆ ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ದುಡುಕು ಕಾಣುವುದು ಎಲ್ಲಿ

‘ಕ್ರಿಯಾನ್ ಹಠಮಾರಿ’ ಎಂದು ಬರೆದರೆ ಅರ್ಧ ಉತ್ತರ ಅಷ್ಟೇ. ಅವನ ತೀರ್ಪುಗಳು ನಿಂತಲ್ಲೇ ಬದಲಾಗುತ್ತವೆ. ಮೊದಲು ಕಲ್ಲು ಹೊಡೆದು ಕೊಲ್ಲುವ ಶಿಕ್ಷೆ ಎಂದಿತ್ತು. ಆಮೇಲೆ ಅದು ಗುಹೆಯಲ್ಲಿ ಜೀವಂತ ಮುಚ್ಚುವುದಾಯಿತು. ಒಳಗೆ ಸ್ವಲ್ಪ ಊಟ ಬೇರೆ ಇಡಿಸುತ್ತಾನೆ, ಕೊಂದ ಪಾಪ ಊರಿಗೆ ತಟ್ಟದಿರಲಿ ಅಂತ! ಅಂತಿಗೊನೆಯ ಸೋದರಿ ಇಸ್ಮೀನೆಯೂ ಸಾಯಬೇಕು ಎಂದಿದ್ದ. ‘ಇಬ್ಬರನ್ನೂ ಕೊಲ್ಲಿಸುತ್ತೀಯಾ?’ ಎಂದು ಮೇಳದವರು (ನಾಟಕದುದ್ದಕ್ಕೂ ಹಾಡುತ್ತ, ಮಾತಾಡುತ್ತ ಇರುವ ಊರ ಹಿರಿಯರ ಗುಂಪು) ಕೇಳಿದ್ದೇ ತಡ, ಅವಳನ್ನು ಬಿಟ್ಟುಬಿಟ್ಟ. ಎದುರು ಮಾತಾಡಿದರೆ ಸಿದ್ಧ ಆರೋಪ ಒಂದಿದೆ: ದುಡ್ಡು ತಿಂದಿದ್ದೀಯ. ಕಾವಲುಗಾರನಿಗೂ ಅದೇ, ಕುರುಡ ಕಣಿಗಾರ ಟೈರೀಸಿಯಸ್‌ಗೂ ಅದೇ.

ತಲೆ ತಿಂದ ಭಾಗ

ಟೈರೀಸಿಯಸ್ ಎಚ್ಚರಿಸುತ್ತಾನೆ: ಹಕ್ಕಿಗಳು ಆ ಹೆಣದ ಮಾಂಸ ತಂದು ಬಲಿಪೀಠ ಮೈಲಿಗೆ ಮಾಡಿವೆ. ಸತ್ತವನನ್ನು ಮೇಲಿಟ್ಟುಕೊಂಡು ಬದುಕಿರುವವಳನ್ನು ನೆಲದಡಿ ಹಾಕಿದ್ದೀಯ. ನಿನ್ನದೇ ಕರುಳಕುಡಿಯೊಂದನ್ನು ತೆರಬೇಕಾಗುತ್ತದೆ. ಕ್ರಿಯಾನ್ ನಡುಗುತ್ತಾನೆ, ಏನು ಮಾಡಲಿ ಎಂದು ಮೇಳವನ್ನೇ ಕೇಳುತ್ತಾನೆ.

ಮೇಳ ಹೇಳುವ ಕ್ರಮ ನೋಡಿ. ಹುಡುಗಿಯನ್ನು ಬಿಡಿಸು, ಹೆಣಕ್ಕೆ ಗೋರಿ ಕಟ್ಟು. ಮೊದಲು ಹುಡುಗಿ. ಕ್ರಿಯಾನ್ ಕೂಡ, ಕಟ್ಟಿಹಾಕಿದವನು ನಾನೇ, ಬಿಚ್ಚುವವನೂ ನಾನೇ ಎಂದು, ಕೊಡಲಿ ತನ್ನಿರೆಂದು ಆಳುಗಳನ್ನು ಕೂಗಿ ಹೊರಡುತ್ತಾನೆ. ಓದುವವರು ಅವನು ನೇರ ಗುಹೆಗೇ ಹೋದ ಎಂದುಕೊಳ್ಳುತ್ತಾರೆ. ಮಧ್ಯೆ ಮೇಳ ಡಯೊನೈಸಸ್ ದೇವರನ್ನು ಕರೆದು ಹಾಡುತ್ತದೆ. ಆಮೇಲೆ ದೂತ ಬಂದು ಹೇಳುವುದೇ ಬೇರೆ. ಅವರು ಮೊದಲು ಹೋದದ್ದು ಬಯಲಿಗೆ, ಹೆಣದ ಹತ್ತಿರ. ನಾಯಿ ಹರಿದ ದೇಹಕ್ಕೆ ಪವಿತ್ರ ಸ್ನಾನ ಮಾಡಿಸಿದರು, ಹೊಸದಾಗಿ ಕಡಿದ ಕೊಂಬೆಗಳಲ್ಲಿ ಸುಟ್ಟರು, ಊರಿನ ಮಣ್ಣಿನಿಂದಲೇ ಎತ್ತರದ ದಿಬ್ಬ ಮಾಡಿದರು. ಅಷ್ಟೆಲ್ಲ ಆದ ಮೇಲೆ ಗುಹೆ. ಅಲ್ಲಿ ಅಂತಿಗೊನೆ ನೇಣು ಹಾಕಿಕೊಂಡು ಸತ್ತಿದ್ದಾಳೆ.

ಯಾಕೆ ಹೀಗೆ ಮಾಡಿದ? ನಾಟಕ ಕಾರಣ ಕೊಡುವುದಿಲ್ಲ. ಸತ್ತವನ ಋಣ, ದೇವರ ಕೋಪ ಮೊದಲು ತೀರಲಿ ಎಂದುಕೊಂಡಿರಬಹುದು. ಟೈರೀಸಿಯಸ್ ಶುರುಮಾಡಿದ್ದೂ ಹೆಣದ ಮೈಲಿಗೆಯಿಂದಲೇ. ನನಗೆ ಕಾಣುವುದು ಇಷ್ಟು: ಮನಸ್ಸು ಬದಲಾದರೂ ಅವನು ರಾಜನಾಗಿಯೇ ಯೋಚಿಸಿದ. ಮೈಲಿಗೆ ಊರಿನ ತಾಪತ್ರಯ, ಅದಕ್ಕೆ ಮೊದಲ ಜಾಗ. ಗುಹೆಯಲ್ಲಿರುವುದು ಸೋದರಿಯ ಮಗಳು, ಅದು ಮನೆಯ ವಿಷಯ, ಆಮೇಲೆ ನೋಡೋಣ. ಇದೂ ದುಡುಕೇ. ಶಿಕ್ಷೆ ಕೊಡುವಾಗ ಎಷ್ಟು ಕಡಿಮೆ ಯೋಚಿಸಿದನೋ, ತಿದ್ದಲು ಓಡುವಾಗಲೂ ಅಷ್ಟೇ. ಹಾಗಾಗಿ ‘ಎಲ್ಲ ವಿಧಿಯಾಟ’ ಎಂದು ಉತ್ತರ ಮುಗಿಸಬೇಡಿ. ಕ್ರಿಯಾನ್ ತಲುಪಿದಾಗ ಹೀಮಾನ್ ಇನ್ನೂ ಬದುಕಿದ್ದ, ಅಳುವ ದನಿ ದೂರಕ್ಕೇ ಕೇಳಿತ್ತು. ಹೊರಗೆ ಬಾ ಮಗನೇ ಎಂದು ಅಪ್ಪ ಬೇಡಿದ. ಮಗ ಮುಖಕ್ಕೆ ಉಗುಳಿ ಕತ್ತಿ ಬೀಸಿದ, ಏಟು ತಪ್ಪಿತು, ಅದೇ ಕತ್ತಿಗೆ ತಾನೇ ಬಿದ್ದ.

ಅಂತಿಗೊನೆಯೂ ಕಾಯಲಿಲ್ಲ ಎಂಬುದನ್ನು ಉತ್ತರದಲ್ಲಿ ಸೇರಿಸಬಹುದು. ಆದರೆ ಕಾಯಲು ಅವಳಿಗೆ ಕಾರಣವೇನಿತ್ತು?

ಕ್ರಿಯಾನ್‌ನ ಹೆಂಡತಿ ಯುರಿಡಿಸಿಗೆ ಎರಡು ಸಾಲು ಸಾಕು. ಸುದ್ದಿ ಕೇಳಿ ಮಾತೇ ಆಡದೆ ಒಳಗೆ ಹೋದಳು, ಇರಿದುಕೊಂಡಳು. ಸಾಯುವಾಗ ಗಂಡನನ್ನು ಮಕ್ಕಳ ಕೊಲೆಗಾರ ಎಂದು ಶಪಿಸಿದಳು. ಅವಳು ಅತ್ತದ್ದು ಹೀಮಾನ್‌ಗೆ ಮಾತ್ರವಲ್ಲ, ಹಿಂದೆ ಸತ್ತ ಮೆಗಾರಿಯಸ್ ಎಂಬ ಇನ್ನೊಬ್ಬ ಮಗನಿಗೂ. ‘ಕ್ರಿಯಾನ್‌ನದು ಒಂದೇ ದಿನದ ತಪ್ಪು’ ಎಂದು ಬರೆಯುವ ಮುಂಚೆ ಆ ಸಾಲನ್ನೊಮ್ಮೆ ನೋಡಿ.