ಪದ ಪರಿಚಯ: ಡೈರೆಕ್ಟರಿ ಲಿಸ್ಟಿಂಗ್

ಕೊಡಗಿನ ಬೆಳೆಗಾರರಿಗೆ ಮಳೆ ಲೆಕ್ಕ ಬರೆದಿಡುವುದು ಹಳೆಯ ರೂಢಿ. ಬೆಳಿಗ್ಗೆ ಎದ್ದು ಮಾಪಕ ನೋಡಿ, ಇಷ್ಟು ಇಂಚು ಇಷ್ಟು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಅಂತ ಡೈರಿಯಲ್ಲಿ ಬರೆಯುತ್ತಾರೆ. ನಾಪೋಕ್ಲು ಕಡೆಯ ಒಂದಷ್ಟು ಬೆಳೆಗಾರರು ಸೇರಿ ವೆಬ್‌ಸೈಟ್ ಮಾಡಿಕೊಂಡು, ತಿಂಗಳಿಗೊಂದು ಮಳೆ ಪಟ್ಟಿಯ ಪಿಡಿಎಫ್ ಹಾಕುತ್ತಾರೆ ಅಂತ ಇಟ್ಟುಕೊಳ್ಳಿ. ಫೈಲ್ ಹಾಕಿದರೆ ಸಾಲದು, ಪುಟದ ಎಚ್‌ಟಿಎಂಎಲ್ (ವೆಬ್ ಪುಟ ಬರೆಯುವ ಸಂಕೇತ ಭಾಷೆ) ತೆರೆದು ಹೊಸ ಲಿಂಕನ್ನೂ ಸೇರಿಸಬೇಕು. ಕಾಫಿ ಕೊಯ್ಲು ಶುರುವಾದರೆ ಅದಕ್ಕೆ ಯಾರಿಗೆ ಪುರುಸೊತ್ತು? ಫೈಲ್ ಸರ್ವರ್‌ನಲ್ಲಿ, ಅಂದರೆ ವೆಬ್‌ಸೈಟ್ ಇರುವ ಕಂಪ್ಯೂಟರ್‌ನಲ್ಲಿ, ಇರುತ್ತದೆ; ಪುಟದಲ್ಲಿ ಮಾತ್ರ ಕಾಣುವುದಿಲ್ಲ.

ಆ ಲಿಂಕ್ ಬರೆಯುವ ಕೆಲಸವನ್ನು ಸರ್ವರ್‌ಗೇ ಒಪ್ಪಿಸಬಹುದು. ಫೋಲ್ಡರ್‌ನಲ್ಲಿ ಈಗ ಏನೇನಿದೆ ಎಂದು ನೋಡಿ, ಹೆಸರುಗಳನ್ನು ಪುಟದಲ್ಲಿ ತೋರಿಸುವುದೇ ಡೈರೆಕ್ಟರಿ ಲಿಸ್ಟಿಂಗ್. ಇದನ್ನು ಮಾಡುವ ಕೋಡ್ ಓಡುವುದು ನಿಮ್ಮ ಮೊಬೈಲ್‌ನಲ್ಲಲ್ಲ, ವೆಬ್‌ಸೈಟ್ ಇರುವ ಕಂಪ್ಯೂಟರ್‌ನಲ್ಲಿ. ಅದಕ್ಕೇ ಸರ್ವರ್ ಸೈಡ್ ಸ್ಕ್ರಿಪ್ಟ್ ಅನ್ನುವುದು. ಬ್ರೌಸರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್ ಸರ್ವರ್‌ನ ಫೋಲ್ಡರ್ ಒಳಗೆ ತಾನಾಗಿ ಇಣುಕಲಾರದು. ಯಾರಾದರೂ ಪುಟ ಕೇಳಿದಾಗ ಸರ್ವರ್ ಫೋಲ್ಡರ್ ಓದಿ, ಪಟ್ಟಿ ಕಟ್ಟಿ, ಸಿದ್ಧ ಎಚ್‌ಟಿಎಂಎಲ್ ಕಳಿಸುತ್ತದೆ. ಹತ್ತಿಪ್ಪತ್ತು ಲಿಂಕ್‌ಗಳ ಪಟ್ಟಿ ಅಂದರೆ ಕೆಲವೇ ಕಿಲೋಬೈಟ್. ಜುಲೈ ಮಳೆಯಲ್ಲಿ ಕರೆಂಟೂ ಇಲ್ಲದೆ, ಸಿಗ್ನಲ್ ಒಂದೇ ಕಡ್ಡಿ ಇದ್ದಾಗಲೂ ಅಂಥ ಪುಟ ತೆರೆದುಕೊಳ್ಳುತ್ತದೆ. ನನಗೆ ಈ ವಿಧಾನ ಇಷ್ಟವಾಗುವುದೇ ಇದಕ್ಕೆ.

ಪೈಥಾನ್, ನೋಡ್ ಹೀಗೆ ಕೋಡ್ ಬರೆಯುವ ಯಾವ ಸಾಧನದಲ್ಲಾದರೂ ಇದನ್ನು ಮಾಡಬಹುದು. ಕಡಿಮೆ ದುಡ್ಡಿನ ಹೋಸ್ಟಿಂಗ್‌ನಲ್ಲಿ (ವೆಬ್‌ಸೈಟ್ ಇಡಲು ಬಾಡಿಗೆಗೆ ಸಿಗುವ ಜಾಗ) ಸಾಮಾನ್ಯವಾಗಿ ಸಿಗುವುದು ಪಿಎಚ್‌ಪಿ. ರಾಸ್ಮಸ್ ಲೆರ್ಡಾರ್ಫ್ 1995ರಲ್ಲಿ ಜನರ ಕೈಗಿಟ್ಟ ಭಾಷೆ ಅದು. ಅದರಲ್ಲಿ ಸ್ಕ್ಯಾನ್‌ಡಿರ್ (scandir) ಎಂಬ ಫಂಕ್ಷನ್, ಅಂದರೆ ಸಿದ್ಧ ಆಜ್ಞೆ, ಇದೆ. ಫೋಲ್ಡರ್ ಹೆಸರು ಕೊಟ್ಟರೆ ಒಳಗಿರುವ ಹೆಸರುಗಳನ್ನೆಲ್ಲ ಅಕ್ಷರ ಕ್ರಮದಲ್ಲಿ ಕೊಡುತ್ತದೆ. ಹೊಸಬರಿಗೆ ಗಲಿಬಿಲಿ ಮಾಡುವುದು ಅದರ ಜೊತೆ ಬರುವ ಎರಡು ವಿಚಿತ್ರ ಹೆಸರುಗಳು: ಬರೀ ಒಂದು ಚುಕ್ಕಿ, ಬರೀ ಎರಡು ಚುಕ್ಕಿ. ಒಂದು ಚುಕ್ಕಿ ಅಂದರೆ ಇದೇ ಫೋಲ್ಡರ್, ಎರಡು ಚುಕ್ಕಿ ಅಂದರೆ ಇದರ ಮೇಲಿನ ಫೋಲ್ಡರ್. ಅವೆರಡನ್ನೂ ಬಿಟ್ಟು, ಪಿಡಿಎಫ್ ಎಂದು ಕೊನೆಯಾಗುವ ಫೈಲ್‌ಗಳನ್ನಷ್ಟೇ ಆರಿಸಿ ಒಂದೊಂದಕ್ಕೆ ಲಿಂಕ್ ಕಟ್ಟಿದರೆ ಕೆಲಸ ಆಯಿತು.

ಆದರೆ ಕ್ರಮ ನೋಡಿಕೊಳ್ಳಬೇಕು. ಫೈಲ್‌ಗಳಿಗೆ ‘ಮಳೆ-1’, ‘ಮಳೆ-2’ ಎಂದು ಹೆಸರಿಟ್ಟರೆ ಪಟ್ಟಿ ಬರುವುದು 1, 10, 11, 12, 2 ಅಂತ. ಜನವರಿ ಆದಮೇಲೆ ಅಕ್ಟೋಬರ್! ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಫೆಬ್ರವರಿ, ಮಾರ್ಚ್ ಎಲ್ಲ ಡಿಸೆಂಬರ್‌ನ ಕೆಳಗೆ. ಕಂಪ್ಯೂಟರ್ ಅಲ್ಲಿ ಸಂಖ್ಯೆ ಓದುತ್ತಿಲ್ಲ, ಒಂದೊಂದೇ ಅಕ್ಷರ ಹೋಲಿಸುತ್ತಿದೆ. ನ್ಯಾಟ್‌ಸಾರ್ಟ್ (natsort) ಎಂಬ ಇನ್ನೊಂದು ಫಂಕ್ಷನ್ ಇದನ್ನು ಸರಿಮಾಡುತ್ತದೆ. ಅದಕ್ಕಿಂತ ಒಳ್ಳೆಯದು ‘ಮಳೆ-2024-07’ ಎಂದು ವರ್ಷ ಮೊದಲು, ತಿಂಗಳು ಎರಡಂಕಿಯಲ್ಲಿ ಬರೆಯುವುದು. ಹೀಗೆ ಮಾಡಿದರೆ ಎಲ್ಲಿ ನೋಡಿದರೂ ಕ್ರಮ ಸರಿಯಾಗೇ ಇರುತ್ತದೆ.

ಫೈಲ್ ಹೆಸರು ಕನ್ನಡದಲ್ಲಿದ್ದರೆ ತೊಂದರೆ ಆಗುತ್ತಾ? ಇಲ್ಲ, ಧೈರ್ಯವಾಗಿ ಇಡಿ. ಲಿಂಕ್ ಕಟ್ಟುವಾಗ ಹೆಸರನ್ನು ವಿಳಾಸಕ್ಕೆ ಒಗ್ಗುವ ರೂಪಕ್ಕೆ ತರುವ ರಾ-ಯುಆರ್‌ಎಲ್-ಎನ್‌ಕೋಡ್ (rawurlencode) ಫಂಕ್ಷನ್ ಮೂಲಕ ಹಾಯಿಸಿದರೆ ಸಾಕು. ಅಕ್ಷರಗಳನ್ನು ಕಂಪ್ಯೂಟರ್ ಬೈಟ್‌ಗಳಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ‘ಮಳೆ’ ಅಂದರೆ ಮ, ಳ ಮತ್ತು ಎತ್ವದ ಚಿಹ್ನೆ, ಒಂದೊಂದಕ್ಕೆ ಮೂರು ಬೈಟ್. ವಿಳಾಸದಲ್ಲಿ ಪ್ರತಿ ಬೈಟೂ ಶೇಕಡಾ ಗುರುತು (%) ಸೇರಿ ಮೂರು ಅಕ್ಷರವಾಗುವುದರಿಂದ, ಪುಟ್ಟ ‘ಮಳೆ’ 27 ಅಕ್ಷರ ಉದ್ದವಾಗುತ್ತದೆ. ಲಿಂಕ್ ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದಾಗ ಉದ್ದಕ್ಕೆ ಕಾಣುವ ಶೇಕಡಾ ಗುರುತುಗಳು ಇವೇ.

ಇನ್ನೊಂದು ಬಗೆಯ ಲಿಸ್ಟಿಂಗ್ ಇದೆ, ಅದರ ಬಗ್ಗೆ ಹುಷಾರು. ಫೋಲ್ಡರ್‌ನಲ್ಲಿ ಇಂಡೆಕ್ಸ್ ಪುಟವೇ (ಫೋಲ್ಡರ್ ವಿಳಾಸ ಕೇಳಿದಾಗ ತಾನಾಗಿ ತೆರೆಯುವ ಪುಟ) ಇಲ್ಲದೆ, ಅಪಾಚಿ ಎಂಬ ಸರ್ವರ್ ಸಾಫ್ಟ್‌ವೇರ್‌ನಲ್ಲಿ ಇಂಡೆಕ್ಸಸ್ ಆಯ್ಕೆಯೂ ಆನ್ ಇದ್ದರೆ, ಒಳಗಿರುವ ಹೆಚ್ಚುಕಡಿಮೆ ಎಲ್ಲ ಫೈಲ್‌ಗಳನ್ನೂ ಸರ್ವರ್ ತಾನೇ ಪಟ್ಟಿ ಮಾಡಿ ತೋರಿಸಿಬಿಡುತ್ತದೆ. ಗೋದಾಮಿನ ಬಾಗಿಲು ತೆಗೆದಿಟ್ಟು ಹೋದ ಹಾಗೆ. ಮಳೆ ಪಟ್ಟಿಯ ಪಕ್ಕದಲ್ಲೇ ಸದಸ್ಯರ ಫೋನ್ ನಂಬರ್, ಬ್ಯಾಂಕ್ ಖಾತೆ ಇರುವ ಎಕ್ಸೆಲ್ ಶೀಟ್ ಇದ್ದರೆ ಅದೂ ಕಾಣುತ್ತದೆ. ಎಂಜಿನ್ಎಕ್ಸ್ (nginx) ಎಂಬ ಇನ್ನೊಂದು ಸರ್ವರ್ ಸಾಫ್ಟ್‌ವೇರ್‌ನಲ್ಲಿ ಇದು ಮೊದಲಿನಿಂದಲೇ ಆಫ್ ಇರುತ್ತದೆ. ಅಪಾಚಿಯಲ್ಲಿ ಆಫ್ ಇದೆಯೇ ಎಂದು ನೋಡಿಕೊಳ್ಳಿ. ಆಫ್ ಮಾಡಿದರೂ ಫೈಲ್‌ಗೆ ಬೀಗ ಬೀಳುವುದಿಲ್ಲ. ಪೂರ್ತಿ ವಿಳಾಸ ಗೊತ್ತಿದ್ದವರು ತೆರೆಯಬಹುದು. ಹಾಗಾಗಿ ಖಾಸಗಿ ಕಾಗದಪತ್ರ ವೆಬ್ ಫೋಲ್ಡರ್‌ನಿಂದ ಆಚೆಗೇ ಇರಲಿ.

ಸ್ಕ್ರಿಪ್ಟ್‌ನಲ್ಲೂ ಒಂದು ಎಚ್ಚರಿಕೆ ಬೇಕು. ಯಾವ ಫೋಲ್ಡರ್ ತೋರಿಸಬೇಕು ಎಂಬುದನ್ನು ವಿಳಾಸದಿಂದ ತೆಗೆದುಕೊಳ್ಳುವ ಹಾಗೆ ಬರೆದರೆ, ಯಾರಾದರೂ ಅಲ್ಲಿ ಎರಡು ಚುಕ್ಕಿ, ಓರೆಗೆರೆ (../) ಹಾಕುತ್ತಾ ಮೇಲಿನ ಫೋಲ್ಡರ್‌ಗಳಿಗೆ ಹತ್ತಿಹೋಗಬಹುದು. ವರ್ಷಕ್ಕೊಂದು ಫೋಲ್ಡರ್ ಬೇಕಿದ್ದರೆ, ಒಪ್ಪಿಗೆಯ ವರ್ಷಗಳನ್ನು ಕೋಡ್‌ನಲ್ಲೇ ಬರೆದಿಟ್ಟು, ಬಂದ ಹೆಸರು ಅದರಲ್ಲಿ ಇಲ್ಲದಿದ್ದರೆ ಏನನ್ನೂ ತೋರಿಸಬೇಡಿ.