ಕೊಂಡ ದಿನ ಸೌಮ್ಯ, ಮೂರನೆಯ ವಾರ ಮೊಂಡು: ಹೊಸ ಕುದುರೆಯ ವರ್ತನೆ ಬದಲಾಗುವುದೇಕೆ?

ನೋಡಲು ಹೋದ ದಿನ ಕುದುರೆ ಕಲ್ಲಿನ ಹಾಗೆ ನಿಂತಿತ್ತು. ಕಾಲು ಹಿಡಿದರೆ ಗೊರಸು ಎತ್ತಿಕೊಟ್ಟಿತು, ಜೀನು ಬಿಗಿಯುವಾಗ ಕಿವಿಯನ್ನೂ ಅಲುಗಿಸಲಿಲ್ಲ, ಲಗಾಮಿನ ಸಣ್ಣ ಸೂಚನೆಗೆ ಓಟ ನಿಲ್ಲಿಸಿ ನಡಿಗೆಗೆ ಇಳಿಯಿತು. ಹೊಸ ಲಾಯಕ್ಕೆ ಬಂದ ಎರಡು ಮೂರು ವಾರಗಳಲ್ಲಿ ಅದೇ ಕುದುರೆ ಜೀನನ್ನು ಕಂಡೊಡನೆ ಹಲ್ಲು ತೋರಿಸುತ್ತದೆ, ಲಾಯದ ಬಾಗಿಲು ದಾಟಲು ಒಪ್ಪುವುದಿಲ್ಲ, ನಿನ್ನೆಯವರೆಗೂ ಲೆಕ್ಕಿಸದಿದ್ದ ಬಕೆಟ್ಟನ್ನು ಕಂಡು ಬೆಚ್ಚಿ ಮುಂಗಾಲೆತ್ತಿ ನಿಲ್ಲುತ್ತದೆ. ಇಂಥ ಸಂದರ್ಭದಲ್ಲಿ ಕೊಂಡವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಎರಡು ಅನುಮಾನಗಳು ಮೂಡುತ್ತವೆ: ಮಾರಿದವರು ಮೋಸ ಮಾಡಿರಬೇಕು, ಇಲ್ಲವೇ ಈ ಪ್ರಾಣಿಯ ಸ್ವಭಾವವೇ ಕೆಟ್ಟದಿರಬೇಕು. ಮೊದಲನೆಯದು ಕೆಲವೊಮ್ಮೆ ನಿಜವಿರುತ್ತದೆ. ಆ ಮಾತಿಗೆ ಮುಂದೆ ಬರುತ್ತೇನೆ. ಎರಡನೆಯದು ನಿಜವಾಗುವುದು ತೀರ ಅಪರೂಪ. ಕುದುರೆಯ ದೇಹ ಮತ್ತು ಕಲಿಕೆಯ ಬಗ್ಗೆ ಈಗ ತಿಳಿದಿರುವುದನ್ನು ಗಮನಿಸಿದರೆ, ಬಹುಪಾಲು ಪ್ರಸಂಗಗಳಲ್ಲಿ ಬದಲಾದದ್ದು ಸ್ವಭಾವವಲ್ಲ, ಆ ಸ್ವಭಾವವನ್ನು ಶಾಂತವಾಗಿ ಇಟ್ಟಿದ್ದ ಪರಿಸರ ಎಂಬುದು ಸ್ಪಷ್ಟವಾಗುತ್ತದೆ.

ಕುದುರೆ ಬೇಟೆಗೆ ಒಳಗಾಗುತ್ತ ವಿಕಾಸಗೊಂಡ ಪ್ರಾಣಿ. ತಲೆಯ ಎರಡು ಪಕ್ಕಗಳಲ್ಲಿರುವ ದೊಡ್ಡ ಕಣ್ಣುಗಳು ಸುಮಾರು 350 ಡಿಗ್ರಿಯಷ್ಟು ವಿಸ್ತಾರವನ್ನು ಒಟ್ಟಿಗೆ ನೋಡಬಲ್ಲವು. ಬಾಲದ ನೇರ ಹಿಂದೆ ಮತ್ತು ಹಣೆಯ ತೀರ ಮುಂದೆ ಮಾತ್ರ ಅದಕ್ಕೆ ಕಾಣದ ಜಾಗಗಳಿವೆ. ಹುಲ್ಲು ಬಯಲಿನಲ್ಲಿ ಬದುಕಿ ಉಳಿದವು ಅನುಮಾನ ಬಂದೊಡನೆ ಓಡಿದ ಕುದುರೆಗಳು. ಅಂಥ ಪ್ರಾಣಿಗೆ ‘ಇಲ್ಲಿ ಅಪಾಯವಿಲ್ಲ’ ಎಂಬ ತಿಳಿವಳಿಕೆ ಒಂದು ನಿರ್ದಿಷ್ಟ ಜಾಗಕ್ಕೆ, ಅಲ್ಲಿನ ವಾಸನೆಗಳಿಗೆ, ಜೊತೆಗಾರ ಕುದುರೆಗಳಿಗೆ, ಮೇವು ಬರುವ ಹೊತ್ತಿಗೆ ಅಂಟಿಕೊಂಡು ಬೆಳೆದಿರುತ್ತದೆ. ಹಳೆಯ ಅಂಗಳದಲ್ಲಿ ಕಲಿತ ಪಾಠವನ್ನು ಬೇರೊಂದು ಅಂಗಳದಲ್ಲಿ ಅಷ್ಟೇ ಚೆನ್ನಾಗಿ ಒಪ್ಪಿಸಬೇಕೆಂದು ನಾವು ನಿರೀಕ್ಷಿಸುತ್ತೇವೆ. ಆದರೆ ಕುದುರೆಯ ಕಲಿಕೆ ಸನ್ನಿವೇಶಕ್ಕೆ ಬಲವಾಗಿ ಕಟ್ಟುಬಿದ್ದದ್ದು. ಸನ್ನಿವೇಶ ಬದಲಾದಾಗ ಪಾಠದ ಒಂದು ಭಾಗವನ್ನು ಮತ್ತೆ ಕಲಿಸಬೇಕಾಗುತ್ತದೆ. ಕೊಳ್ಳುವ ದಿನ ನಾವು ನೋಡಿದ್ದು ಕುದುರೆಯನ್ನು ಮಾತ್ರವಲ್ಲ, ಕುದುರೆ ಮತ್ತು ಅದರ ಲಾಯ ಎರಡನ್ನೂ ಸೇರಿಸಿ. ಮನೆಗೆ ಬಂದದ್ದು ಅದರಲ್ಲಿ ಅರ್ಧ.

ತೊಂದರೆ ಮೊದಲ ದಿನವೇ ಕಾಣಿಸಿಕೊಳ್ಳದೆ ಕೆಲವು ವಾರಗಳ ನಂತರ ಕಾಣಿಸುವುದಕ್ಕೂ ಕಾರಣವಿದೆ. ಅಪರಿಚಿತ ಜಾಗಕ್ಕೆ ಬಂದ ಕೆಲವು ಕುದುರೆಗಳು ಅತಿಯಾಗಿ ಚಡಪಡಿಸುತ್ತವೆ, ಬೆವರುತ್ತವೆ, ಕೆನೆಯುತ್ತಲೇ ಇರುತ್ತವೆ. ಇನ್ನು ಕೆಲವು ಒಳಗೇ ಮುದುಡಿಕೊಂಡು ಹೇಳಿದ್ದಕ್ಕೆಲ್ಲ ತಲೆಬಾಗುತ್ತವೆ. ಈ ಎರಡನೆಯ ಬಗೆಯ ಮೌನವನ್ನು ಕಂಡು ‘ಎಷ್ಟು ಬೇಗ ಹೊಂದಿಕೊಂಡಿತು’ ಎಂದು ಸಂತೋಷಪಡುವವರೇ ಹೆಚ್ಚು. ಜಾಗದ ಪರಿಚಯವಾದಂತೆ ಮುದುಡಿದ್ದ ಕುದುರೆ ಬಿಚ್ಚಿಕೊಳ್ಳುತ್ತದೆ, ತನಗೆ ಒಗ್ಗದ್ದನ್ನು ತೋರಿಸತೊಡಗುತ್ತದೆ. ಅಷ್ಟು ಹೊತ್ತಿಗೆ ಹೊಸ ಮೇವು, ಹೊಸ ಜೀನು, ಹೊಸ ದಿನಚರಿ ಇವುಗಳ ಪರಿಣಾಮವೂ ದೇಹದಲ್ಲಿ ಸೇರಿಕೊಂಡಿರುತ್ತದೆ.

ಆದ್ದರಿಂದ ಮೊದಲ ಪ್ರಶ್ನೆಯನ್ನು ದೇಹಕ್ಕೆ ಕೇಳಬೇಕು. ಶಿಕ್ಷಕರನ್ನು ಕರೆಯುವ ಮೊದಲು ಪಶುವೈದ್ಯರನ್ನು ಕರೆಯಿರಿ ಎಂಬ ಮಾತನ್ನು ನಾನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಬೇಟೆಗೆ ಸಿಗುವ ಪ್ರಾಣಿಗೆ ನೋವನ್ನು ತೋರ್ಪಡಿಸಿಕೊಳ್ಳುವುದು ಅಪಾಯಕಾರಿ. ಆದ್ದರಿಂದ ಕುದುರೆ ನರಳುವುದಿಲ್ಲ, ಸಣ್ಣ ಸಣ್ಣ ಚಹರೆಗಳಲ್ಲಿ ಮಾತ್ರ ತಿಳಿಸುತ್ತದೆ. 2014ರಲ್ಲಿ ಪ್ರಕಟವಾದ ಒಂದು ಅಳತೆಪಟ್ಟಿ ಮುಖವನ್ನಷ್ಟೇ ನೋಡಿ ನೋವನ್ನು ಅಂದಾಜಿಸಲು ಆರು ಗುರುತುಗಳನ್ನು ಕೊಟ್ಟಿತು: ಹಿಂದಕ್ಕೆ ಸೆಟೆದ ಕಿವಿ, ಕಿರಿದಾದ ಕಣ್ಣು, ಕಣ್ಣಿನ ಮೇಲ್ಭಾಗದ ಬಿಗಿತ, ಉಬ್ಬಿ ಕಾಣುವ ದವಡೆಯ ಸ್ನಾಯು, ಬಿಗಿದ ತುಟಿ ಮತ್ತು ಗಲ್ಲ, ಹಿಗ್ಗಿ ಸೆಟೆದ ಮೂಗಿನ ಹೊಳ್ಳೆ. ಪಶುವೈದ್ಯೆ ಸೂ ಡೈಸನ್ ಮತ್ತು ಸಹೋದ್ಯೋಗಿಗಳು 2018ರಲ್ಲಿ ಸವಾರಿಯ ವೇಳೆ ಕಾಣುವ 24 ವರ್ತನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ತಲೆಯನ್ನು ಪದೇ ಪದೇ ಎಸೆಯುವುದು, ಬಾಲ ಬೀಸುವುದು, ಬಾಯಿ ತೆರೆದುಕೊಳ್ಳುವುದು, ಮುಂದೆ ಹೋಗಲು ಒಪ್ಪದಿರುವುದು, ಮುಂಗಾಲೆತ್ತುವುದು ಮುಂತಾದವು ಅದರಲ್ಲಿ ಸೇರಿವೆ. ಇವುಗಳಲ್ಲಿ 8 ಅಥವಾ ಹೆಚ್ಚು ವರ್ತನೆಗಳು ಒಟ್ಟಿಗೆ ಕಂಡರೆ ಮೂಳೆ ಅಥವಾ ಸ್ನಾಯುಗಳ ನೋವು ಇರುವ ಸಂಭವ ಹೆಚ್ಚು ಎಂಬುದು ಅವರ ತೀರ್ಮಾನ. ‘ಮೊಂಡುತನ’ ಎಂದು ತಲೆಮಾರುಗಳಿಂದ ಕರೆಯುತ್ತ ಬಂದದ್ದೇ ಈ ಪಟ್ಟಿಯ ತುಂಬ ಇದೆ ಎಂಬುದು ನನ್ನನ್ನು ಪ್ರತಿ ಬಾರಿಯೂ ಕಲಕುತ್ತದೆ.

ನೋವಿನ ಮೂಲಗಳು ಹಲವು. ಹಿಂದಿನ ಜೀನು ಒಪ್ಪುತ್ತಿದ್ದ ಬೆನ್ನಿಗೆ ಹೊಸದು ಒತ್ತುತ್ತಿರಬಹುದು; ಹಲ್ಲಿನ ಅಂಚು ಮೊನಚಾಗಿ ಕೆನ್ನೆಗೆ ತಾಗುತ್ತಿರಬಹುದು, ಆಗ ಕಡಿವಾಣದ ಪ್ರತಿ ಎಳೆತವೂ ಗಾಯವನ್ನು ಕೆದಕುತ್ತದೆ; ಲಾಳ ಬದಲಿಸಿದ ಮೇಲೆ ಗೊರಸು ನೋಯುತ್ತಿರಬಹುದು. ಹೆಣ್ಣು ಕುದುರೆಯಾದರೆ ಬೆದೆಯ ಋತುವಿನಲ್ಲಿ ಸುಮಾರು 21 ದಿನಗಳಿಗೊಮ್ಮೆ ಸಿಡುಕು ಮರುಕಳಿಸುತ್ತಿದೆಯೇ ಎಂದು ನೋಡಬೇಕು. ಬೀಜ ಒಡೆದದ್ದೆಂದು ಕೊಂಡ ಗಂಡು ಕುದುರೆಯ ಹೊಟ್ಟೆಯೊಳಗೆ ಒಂದು ವೃಷಣ ಉಳಿದಿದ್ದರೆ ಅದು ಬೀಜದ ಕುದುರೆಯಂತೆಯೇ ವರ್ತಿಸುತ್ತದೆ, ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ.

ಆದರೆ ಸ್ಥಳಾಂತರದೊಡನೆ ನೇರ ನಂಟಿರುವುದು ಜಠರದ ಹುಣ್ಣಿಗೆ, ಅದನ್ನು ಸ್ವಲ್ಪ ವಿವರವಾಗಿ ತಿಳಿಯಬೇಕು. ಕುದುರೆಯ ಜಠರ ದೇಹಕ್ಕೆ ಹೋಲಿಸಿದರೆ ಚಿಕ್ಕದು, 8ರಿಂದ 15 ಲೀಟರ್ ಹಿಡಿಯುವಷ್ಟು. ದಿನದ ಬಹುಪಾಲು ಹೊತ್ತು ಸ್ವಲ್ಪ ಸ್ವಲ್ಪವಾಗಿ ಮೇಯುವ ಪ್ರಾಣಿಗಾಗಿ ರೂಪುಗೊಂಡ ಆ ಜಠರ ಮೇವಿದ್ದರೂ ಇಲ್ಲದಿದ್ದರೂ ಹಗಲು ರಾತ್ರಿ ಆಮ್ಲ ಸುರಿಸುತ್ತಲೇ ಇರುತ್ತದೆ. ಆಮ್ಲವನ್ನು ತಗ್ಗಿಸುವ ಜೊಲ್ಲು ಮಾತ್ರ ಅಗಿಯುವಾಗಲೇ ಒಸರುತ್ತದೆ. ಜಠರದ ಮೇಲ್ಭಾಗದ ಒಳಪದರಕ್ಕೆ ಕೆಳಭಾಗಕ್ಕಿರುವಂಥ ಲೋಳೆಯ ರಕ್ಷಣೆ ಇಲ್ಲ. ಹೀಗಿರುವಾಗ ಕುದುರೆಯನ್ನು ಗಂಟೆಗಟ್ಟಲೆ ವಾಹನದಲ್ಲಿ ಸಾಗಿಸಿ, ಬಯಲಿನಿಂದ ತಂದು ಲಾಯದಲ್ಲಿ ಕೂಡಿ, ದಿನಕ್ಕೆ ಎರಡು ಹೊತ್ತು ಮಾತ್ರ ಮೇವು ಹಾಕಿ, ಖಾಲಿ ಹೊಟ್ಟೆಯಲ್ಲಿ ಓಡಿಸಿದರೆ ಆಮ್ಲ ಮೇಲಕ್ಕೆ ಚಿಮ್ಮಿ ಆ ಪದರವನ್ನು ಸುಡುತ್ತದೆ. ಸಾಗಣೆ, ಲಾಯವಾಸ ಮತ್ತು ಲಘು ವ್ಯಾಯಾಮ ಸೇರಿದಾಗ ಬರೀ ಐದು ದಿನಗಳಲ್ಲಿ ಹುಣ್ಣು ಮೂಡಬಲ್ಲದು ಎಂಬುದನ್ನು ಪ್ರಯೋಗಗಳು ತೋರಿಸಿವೆ. ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚಲು ಬರುವ ಕುದುರೆಯ ಸಿಟ್ಟಿನ ಹಿಂದೆ ಹಲವೊಮ್ಮೆ ಇದೇ ಉರಿ ಇರುತ್ತದೆ. ಖಚಿತಪಡಿಸಿಕೊಳ್ಳಲು ಎಂಡೋಸ್ಕೋಪ್ ಇಳಿಸಿ ನೋಡುವುದೊಂದೇ ದಾರಿ. ಒಮೆಪ್ರಜೋಲ್ ಔಷಧಿಯ ಜೊತೆಗೆ ಮೇವಿನ ಕ್ರಮ ತಿದ್ದಿದರೆ ಗುಣವಾಗುತ್ತದೆ.

ಮೇವಿನ ವಿಷಯದಲ್ಲಿ ಎರಡು ಮಾತು ಸಾಕು. ಹಳೆಯ ಮೇವನ್ನು ಸ್ವಲ್ಪ ತರಿಸಿಕೊಂಡು, ಹತ್ತು ಹದಿನಾಲ್ಕು ದಿನಗಳ ಅವಧಿಯಲ್ಲಿ ಹೊಸದನ್ನು ಬೆರೆಸುತ್ತ ಹೋಗಬೇಕು, ಏಕೆಂದರೆ ಕರುಳಿನ ಸೂಕ್ಷ್ಮಜೀವಿಗಳಿಗೆ ಒಗ್ಗಿಕೊಳ್ಳಲು ಅಷ್ಟು ಕಾಲ ಬೇಕು. ಎರಡನೆಯದಾಗಿ, ಬಡಕಲಾಗಿದ್ದ ಕುದುರೆಗೆ ಪ್ರೀತಿಯಿಂದ ಧಾನ್ಯ ಸುರಿದು ಕೆಲಸ ಕೊಡದೆ ನಿಲ್ಲಿಸಿದರೆ, ಅಲ್ಲಿಯವರೆಗೆ ಶಕ್ತಿಯಿಲ್ಲದೆ ಸುಮ್ಮನಿದ್ದ ಪ್ರಾಣಿ ಕುಣಿಯತೊಡಗುವುದು ಸಹಜ.

ಸಂಗಾತಿಯ ಮಾತು ಇದಕ್ಕಿಂತ ಗಂಭೀರವಾದದ್ದು. ಕುದುರೆಗೆ ಹಿಂಡೇ ರಕ್ಷಣೆ. ಒಂದು ನಿದ್ರಿಸುವಾಗ ಇನ್ನೊಂದು ಕಾವಲಿರುತ್ತದೆ, ಒಂದರ ಕುತ್ತಿಗೆಯನ್ನು ಇನ್ನೊಂದು ಕೆರೆಯುತ್ತದೆ. ಮಾರಾಟವಾದ ದಿನ ಈ ನಂಟುಗಳೆಲ್ಲ ಒಟ್ಟಿಗೆ ಕಡಿದುಹೋಗುತ್ತವೆ. ಒಂಟಿಯಾಗಿ ಕಟ್ಟಿದ ಕುದುರೆ ಬೇಲಿಯುದ್ದಕ್ಕೂ ಓಡಾಡಿದರೆ, ಇಲ್ಲವೇ ಸಿಕ್ಕಿದ ಒಂದೇ ಜೊತೆಗಾರನನ್ನು ಬಿಟ್ಟು ಹೊರಡಲು ಒಪ್ಪದಿದ್ದರೆ ಅದನ್ನು ಹಠವೆನ್ನುವುದು ಅನ್ಯಾಯ. ಲಾಯದ ಬಾಗಿಲಲ್ಲಿ ನಿಂತು ಪಕ್ಕದಿಂದ ಪಕ್ಕಕ್ಕೆ ತೂಗಾಡುವುದು, ಮರ ಕಚ್ಚಿ ಗಾಳಿ ಎಳೆಯುವುದು ಮುಂತಾದ ಮರುಕಳಿಸುವ ವರ್ತನೆಗಳೂ ಕೆಟ್ಟ ಚಾಳಿಗಳಲ್ಲ. ಹೆಚ್ಚಾಗಿ ಅವು ಕೂಡಿಹಾಕಿದ, ಒಣಹುಲ್ಲು ಸಾಲದ, ಜೊತೆಯಿಲ್ಲದ ಬದುಕಿನಲ್ಲಿ ಹುಟ್ಟುತ್ತವೆ, ಬೇರೂರಿದ ಮೇಲೆ ಒಳ್ಳೆಯ ಜಾಗದಲ್ಲೂ ಉಳಿಯಬಹುದು. ಕೊರಳಪಟ್ಟಿ ಬಿಗಿದು ಅವನ್ನು ತಡೆಯುವವರು ಕಾರಣವನ್ನು ಹಾಗೆಯೇ ಉಳಿಸಿ ಸಮಾಧಾನದ ದಾರಿಯನ್ನಷ್ಟೇ ಮುಚ್ಚುತ್ತಾರೆ.

ದೇಹ, ಮೇವು, ಜೊತೆ ಇವೆಲ್ಲ ಸರಿಯಿದ್ದರೂ ತೊಂದರೆ ಉಳಿದರೆ ಆಗ ಭಾಷೆಯ ಪ್ರಶ್ನೆ ಬರುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರ್ಲಿನ್‌ನಲ್ಲಿ ಹಾನ್ಸ್ ಎಂಬ ಕುದುರೆಯಿತ್ತು. ಅದರ ಒಡೆಯ ವಿಲ್ಹೆಲ್ಮ್ ಫಾನ್ ಓಸ್ಟೆನ್ ಲೆಕ್ಕ ಕೇಳಿದರೆ ಅದು ಗೊರಸಿನಿಂದ ನೆಲ ತಟ್ಟಿ ಉತ್ತರ ಹೇಳುತ್ತಿತ್ತು. 1904ರಲ್ಲಿ ಪರಿಶೀಲಿಸಿದ ಸಮಿತಿಗೆ ಯಾವ ಮೋಸವೂ ಸಿಗಲಿಲ್ಲ. ನಂತರ ಮನೋವಿಜ್ಞಾನಿ ಆಸ್ಕರ್ ಫುಂಗ್‌ಸ್ಟ್ ಕ್ರಮಬದ್ಧವಾಗಿ ಪರೀಕ್ಷಿಸಿ, ಪ್ರಶ್ನೆ ಕೇಳಿದವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸ್ ಸೋಲುತ್ತದೆ ಎಂಬುದನ್ನು 1907ರಲ್ಲಿ ತೋರಿಸಿದರು. ಸರಿಯಾದ ಸಂಖ್ಯೆ ಬಂದಾಗ ಕೇಳಿದವರ ತಲೆ ಅವರಿಗೇ ಅರಿವಿಲ್ಲದೆ ಕೂದಲೆಳೆಯಷ್ಟು ಮೇಲಕ್ಕೆದ್ದದ್ದನ್ನು ಕುದುರೆ ಓದುತ್ತಿತ್ತು. ಈ ಪ್ರಸಂಗವನ್ನು ಕುದುರೆಗೆ ಲೆಕ್ಕ ಬರುವುದಿಲ್ಲ ಎಂಬುದಕ್ಕೆ ಉದಾಹರಿಸುವುದು ವಾಡಿಕೆ. ನನಗೆ ಅದರಲ್ಲಿ ಕಾಣುವುದು, ಕುದುರೆ ನಮ್ಮ ದೇಹವನ್ನು ಎಷ್ಟು ಸೂಕ್ಷ್ಮವಾಗಿ ಗಮನಿಸುತ್ತದೆ ಎಂಬ ಸಂಗತಿ.

ಹಳೆಯ ಸವಾರನ ದೇಹದ ಭಾಷೆಯನ್ನು ವರ್ಷಗಟ್ಟಲೆ ಓದಿದ ಆ ಪ್ರಾಣಿಯ ಬೆನ್ನ ಮೇಲೆ ಈಗ ಬೇರೊಂದು ಭಾಷೆಯವರು ಕುಳಿತಿದ್ದಾರೆ. ಸವಾರಿಯ ಬಹುಪಾಲು ಕಲಿಕೆ ಒತ್ತಡ ಮತ್ತು ಬಿಡುಗಡೆಯಿಂದ ನಡೆಯುತ್ತದೆ: ಕಾಲಿನಿಂದ ಒತ್ತಿದಾಗ ಕುದುರೆ ಮುಂದೆ ಹೆಜ್ಜೆಯಿಟ್ಟರೆ ಆ ಕ್ಷಣವೇ ಒತ್ತಡ ಸಡಿಲವಾಗಬೇಕು, ಸಡಿಲವಾದದ್ದೇ ಅದಕ್ಕೆ ‘ಸರಿ’ ಎಂಬ ಉತ್ತರ. ಹೊಸ ಸವಾರರು ಲಗಾಮನ್ನು ಸದಾ ಬಿಗಿ ಹಿಡಿದು ಕಾಲಿನಿಂದಲೂ ಒತ್ತುತ್ತಿದ್ದರೆ ‘ಹೋಗು’ ಮತ್ತು ‘ನಿಲ್ಲು’ ಎರಡೂ ಒಟ್ಟಿಗೆ ಕೇಳಿಸುತ್ತವೆ, ಯಾವ ಉತ್ತರಕ್ಕೂ ಬಿಡುಗಡೆ ಸಿಗುವುದಿಲ್ಲ. ಕೊನೆಗೊಂದು ದಿನ ಕುದುರೆ ಮುಂಗಾಲೆತ್ತುತ್ತದೆ, ಬೆದರಿದ ಸವಾರರು ಲಗಾಮು ಬಿಟ್ಟು ಇಳಿಯುತ್ತಾರೆ, ಒತ್ತಡ ನಿಲ್ಲುತ್ತದೆ. ಏನು ಮಾಡಿದರೆ ಒತ್ತಡ ತಪ್ಪುತ್ತದೆ ಎಂಬುದನ್ನು ಕುದುರೆ ಅಂದು ಕಲಿಯಿತು. ಅಪಾಯದ ಹೊತ್ತಿನಲ್ಲಿ ಇಳಿಯಲೇಬೇಕಾದ್ದರಿಂದ ಸವಾರರನ್ನು ದೂರುವಂತೆಯೂ ಇಲ್ಲ. ತಿದ್ದಬೇಕಾದ್ದು ಅದಕ್ಕೂ ಮುಂಚಿನ ಗೊಂದಲವನ್ನು. ಸವಾರರ ಅಂಜಿಕೆಯೂ ಕುದುರೆಗೆ ತಿಳಿಯುತ್ತದೆ. ಸ್ವೀಡನ್‌ನ ಒಂದು ಪ್ರಯೋಗದಲ್ಲಿ ಜನರು ಕುದುರೆಯೊಡನೆ ಒಂದೇ ದಾರಿಯಲ್ಲಿ ನಾಲ್ಕು ಬಾರಿ ಸಾಗಿದರು. ನಾಲ್ಕನೆಯ ಬಾರಿಗೆ ಮುನ್ನ, ಕುದುರೆ ಹಾದುಹೋಗುವಾಗ ಛತ್ರಿ ಬಿಚ್ಚುತ್ತೇವೆ ಎಂದು ಅವರಿಗೆ ಹೇಳಲಾಯಿತು. ಛತ್ರಿ ಬಿಚ್ಚಲೇ ಇಲ್ಲ. ಆದರೂ ಆ ಸುತ್ತಿನಲ್ಲಿ ಮನುಷ್ಯರ ಹೃದಯಬಡಿತದ ಜೊತೆಗೆ ಕುದುರೆಗಳ ಹೃದಯಬಡಿತವೂ ಏರಿತು.

ಇಷ್ಟಾದ ಮೇಲೂ ‘ಯಜಮಾನ ಯಾರೆಂದು ಕುದುರೆಗೆ ತೋರಿಸಿಕೊಡಬೇಕು’ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ನಾನು ಅದನ್ನು ಸ್ಪಷ್ಟವಾಗಿ ವಿರೋಧಿಸುತ್ತೇನೆ. ನೊಂದ, ಹೆದರಿದ ಅಥವಾ ಅರ್ಥವಾಗದ ಪ್ರಾಣಿಗೆ ಹೊಡೆತ ಬಿದ್ದರೆ ಹೆದರಿಕೆಗೆ ಇನ್ನೊಂದು ಕಾರಣ ಸೇರುತ್ತದೆ, ಅಷ್ಟೆ. ಹೆದರಿಕೆಗಳು ಒಂದರ ಮೇಲೊಂದು ಪೇರುತ್ತವೆ. ಗಾಳಿ, ಹೊಸ ಜೀನು, ದೂರದಲ್ಲಿ ಕೂಗುವ ಸಂಗಾತಿ ಇವು ಬಿಡಿಬಿಡಿಯಾಗಿ ಸಹ್ಯವಾದರೂ ಒಟ್ಟಿಗೆ ಬಂದಾಗ ಬಕೆಟ್ಟೊಂದು ಸಾಕಾಗುತ್ತದೆ. ಆದ್ದರಿಂದ ಕೆಲವು ದಿನ ಸವಾರಿ ನಿಲ್ಲಿಸಿ, ಹೆಲ್ಮೆಟ್ ಧರಿಸಿ, ನೆಲದ ಮೇಲೆ ನಿಂತೇ ಸರಳ ಪಾಠಗಳನ್ನು ಮತ್ತೆ ಆರಂಭಿಸಬೇಕು: ಹಗ್ಗ ಹಿಡಿದು ನಡೆಸುವುದು, ನಿಲ್ಲಿಸುವುದು, ಒಂದು ಹೆಜ್ಜೆ ಹಿಂದೆ ಸರಿಸುವುದು. ಬೆದರಿಸುವ ವಸ್ತುವನ್ನು ಕುದುರೆ ನೋಡಿಯೂ ಮೇವು ಅಗಿಯಬಲ್ಲಷ್ಟು ದೂರದಲ್ಲಿಟ್ಟು, ದಿನದಿನಕ್ಕೆ ಹತ್ತಿರ ತರಬೇಕು. ಕಟ್ಟಿಹಾಕಿ ಒಮ್ಮೆಗೇ ಎದುರಿಸುವಂತೆ ಮಾಡಿದರೆ ಅದು ಸೋತು ನಿಲ್ಲಬಹುದು, ಆದರೆ ಹೆದರಿಕೆ ಹೋಗಿರುವುದಿಲ್ಲ.

ಇನ್ನು ಮೋಸದ ಮಾತು. ತೋರಿಸುವ ದಿನ ಶಾಂತವಾಗಿರಲೆಂದು ಮಂಪರು ಬರಿಸುವ ಅಥವಾ ನೋವು ಮುಚ್ಚುವ ಔಷಧಿ ಕೊಡುವುದು, ಬೆಳಗಿನಿಂದ ಓಡಿಸಿ ದಣಿಸಿರುವುದು ನಡೆಯುವುದುಂಟು. ಕೊಳ್ಳುವ ಮುನ್ನದ ವೈದ್ಯಕೀಯ ತಪಾಸಣೆಯಲ್ಲಿ ರಕ್ತದ ಮಾದರಿ ತೆಗೆದಿರಿಸಿದ್ದರೆ ಅದನ್ನು ಈಗ ಪರೀಕ್ಷೆಗೆ ಕಳಿಸಬಹುದು. ಆದರೆ ಮಾರಿದವರೊಡನೆ ಜಗಳಕ್ಕಿಂತ ಮೊದಲು ಅವರಿಂದ ವಿವರ ಪಡೆಯುವುದು ಹೆಚ್ಚು ಉಪಯುಕ್ತ: ಯಾವ ಕಡಿವಾಣ, ಯಾವ ಮೇವು, ದಿನಕ್ಕೆ ಎಷ್ಟು ಹೊತ್ತು ಹೊರಗೆ, ಜೊತೆಗೆ ಯಾರಿದ್ದರು? ತೊಂದರೆ ಹೊಸ ಒಡೆಯರ ಅನುಭವವನ್ನು ಮೀರಿದ್ದಾದರೆ ಕುದುರೆಯನ್ನು ನುರಿತವರ ಕೈಗೆ, ನಡೆದದ್ದನ್ನೆಲ್ಲ ಬಿಚ್ಚಿ ಹೇಳಿ, ಒಪ್ಪಿಸುವುದರಲ್ಲಿ ಅವಮಾನವೇನೂ ಇಲ್ಲ. ಮುಚ್ಚಿಟ್ಟು ದಾಟಿಸಿದರೆ ಆ ಪ್ರಾಣಿ ಇನ್ನೊಂದು ಲಾಯದಲ್ಲಿ ಇದನ್ನೆಲ್ಲ ಮೊದಲಿನಿಂದ ಅನುಭವಿಸುತ್ತದೆ.

ಹೊಂದಿಕೊಳ್ಳಲು ಎಷ್ಟು ಕಾಲ ಬೇಕೆಂದು ಕೇಳಿದರೆ ಒಂದೇ ಉತ್ತರವಿಲ್ಲ. ವಾರಗಳು ಸಾಲದೆ ತಿಂಗಳುಗಳೇ ಹಿಡಿಯಬಹುದು. ಆದರೆ ನೋಡಿ ತಿಳಿಯಬಹುದಾದ ಒಂದು ಗುರುತು ಇದೆ. ಕುದುರೆ ನಿಂತೇ ತೂಕಡಿಸಬಲ್ಲದು, ಅದರ ಕಾಲಿನ ಕೀಲುಗಳು ಸ್ನಾಯುಗಳಿಗೆ ಹೆಚ್ಚು ಶ್ರಮವಿಲ್ಲದೆ ಬಿಗಿದು ನಿಲ್ಲುತ್ತವೆ. ಕನಸು ಬೀಳುವ ಆಳದ ನಿದ್ರೆಗೆ ಮಾತ್ರ ಸ್ನಾಯುಗಳೆಲ್ಲ ಸಡಿಲವಾಗಬೇಕಾದ್ದರಿಂದ ಅದು ಮಲಗಲೇಬೇಕು. ದಿನಕ್ಕೆ ಅರ್ಧ ಮುಕ್ಕಾಲು ಗಂಟೆ ಸಾಕಾಗುವ ಆ ನಿದ್ರೆಯನ್ನೂ ಕುದುರೆ ಭರವಸೆಯಿಲ್ಲದ ಜಾಗದಲ್ಲಿ ಮಾಡುವುದಿಲ್ಲ; ದಿನಗಟ್ಟಲೆ ತಪ್ಪಿದರೆ ನಿಂತಲ್ಲೇ ಮಂಡಿ ಕುಸಿದು ಬೀಳುವುದೂ ಉಂಟು. ಬೆಳಿಗ್ಗೆ ಲಾಯದ ಬಾಗಿಲು ತೆರೆದಾಗ ಅದರ ಪಕ್ಕೆಗೆ, ಬಾಲದ ಕೂದಲಿಗೆ ಹಾಸುಹುಲ್ಲಿನ ಎಳೆಗಳು ಅಂಟಿವೆಯೇ ಎಂದು ನೋಡಿ. ಅಂಟಿದ್ದರೆ ರಾತ್ರಿ ಅದು ಮಲಗಿದೆ.